ಅಮೆರಿಕದ ಡಬ್ಬಿ, ಮುರಕಲ್ಲಿನ ಮನೆ

ಬದಿಯಡ್ಕದ ಸಮೀಪದಲ್ಲಿರುವ ನಮ್ಮ ಮನೆಯ ಗೋಡೆಗಳು ಮುರಕಲ್ಲಿನವು. ಅಜ್ಜ ಕಟ್ಟಿಸಿದ ಆ ದಪ್ಪ ಗೋಡೆಗಳು ಸೆಕೆಯನ್ನು ಎಷ್ಟು ನಿಷ್ಠೆಯಿಂದ ತಡೆಯುತ್ತವೆಯೋ ಅಷ್ಟೇ ನಿಷ್ಠೆಯಿಂದ ವೈಫೈಯನ್ನೂ ತಡೆಯುತ್ತವೆ. ನಮ್ಮಾಕೆ ಅಡುಗೆಮನೆಯಲ್ಲಿ ಯಕ್ಷಗಾನದ ನೇರ ಪ್ರಸಾರ ನೋಡುತ್ತಾ ದೋಸೆ ಹೊಯ್ಯುವಾಗ, ಭಾಗವತರು ಪದ ಎತ್ತಲು ಬಾಯಿ ತೆರೆದಲ್ಲಿಗೇ ನಿಂತುಬಿಡುತ್ತಿದ್ದರು. ಅವರ ಮುಖದ ಮೇಲೆ ಚಕ್ರವೊಂದು ಸುತ್ತತೊಡಗುತ್ತಿತ್ತು. ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡವಾಗಿ ಸುರಂಗ ಕೊರೆದ ಹಿರಿಯರ ಊರು ನಮ್ಮದು. ವೈಫೈಗೂ ಒಂದು ಸುರಂಗ ಕೊರೆಸಬೇಕೇ ಎಂದು ನಾನು ಯೋಚಿಸುತ್ತಿದ್ದ ಹೊತ್ತಿಗೆ, ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗ ಊರಿಗೆ ಬರುವ ಸುದ್ದಿ ಬಂತು.

"ಮಾವ, ನಿಮಗೇನು ತರಲಿ?" ಎಂದು ಅವನು ಫೋನಿನಲ್ಲಿ ಕೇಳಿದ. ಒಳ್ಳೆಯ ರೂಟರ್ ಒಂದನ್ನು ತರುವಂತೆ ಹೇಳಿದೆ. ವೋಲ್ಟೇಜನ್ನು ನಾನು ಪರೀಕ್ಷಿಸದೆ ದುಡ್ಡು ಕೊಡಕೂಡದೆಂದೂ ಕಟ್ಟಪ್ಪಣೆ ಮಾಡಿದೆ.

ಇದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಅವನೇ ಪ್ರೀತಿಯಿಂದ ತಂದಿದ್ದ ಕಾಫಿ ಯಂತ್ರವನ್ನು ನಾನು ಹಿಂದುಮುಂದು ನೋಡದೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದೆ. ಅದು 120 ವೋಲ್ಟಿನ ದೇಶದಲ್ಲಿ ಹುಟ್ಟಿದ ಜೀವ. ನಮ್ಮ 230 ವೋಲ್ಟನ್ನು ಒಂದೇ ಗುಟುಕಿಗೆ ಕುಡಿದು, ಕಾಫಿಯ ಬದಲು ಹೊಗೆ ಕೊಟ್ಟಿತು. ವೋಲ್ಟೇಜು ಇಮ್ಮಡಿಯಾದರೆ ಹುಟ್ಟುವ ಬಿಸಿ ನಾಲ್ಮಡಿಯಾಗುತ್ತದೆಂದು ಹೈಸ್ಕೂಲಿನ ಮಕ್ಕಳಿಗೆ ವರ್ಷವರ್ಷವೂ ಬರೆಸಿದ ಮೇಷ್ಟ್ರ ಮನೆಯಲ್ಲೇ ಹೀಗಾದದ್ದನ್ನು ನಮ್ಮಾಕೆ ನೆಂಟರ ಪೈಕಿ ಯಾರಿಗೂ ಹೇಳದೆ ಬಿಟ್ಟಿಲ್ಲ.

ಆದ್ದರಿಂದ ಈ ಬಾರಿ ಅಡಾಪ್ಟರಿನ ಹೊಟ್ಟೆಯ ಭಾಗದ ಫೋಟೋವನ್ನೇ ತರಿಸಿಕೊಂಡು, ಅಲ್ಲಿದ್ದ ಇರುವೆ ಗಾತ್ರದ ಅಕ್ಷರಗಳನ್ನು ಹಿಗ್ಗಿಸಿ ಓದಿದೆ. 100ರಿಂದ 240 ವೋಲ್ಟ್, 50 ಮತ್ತು 60 ಹರ್ಟ್ಸ್ ಎಂದಿತ್ತು. ಪರವಾಗಿಲ್ಲ, ಎರಡೂ ದೇಶಗಳ ಅನ್ನ ಉಣ್ಣುವ ಅಡಾಪ್ಟರ್ ಎಂದು ಒಪ್ಪಿಗೆ ಕೊಟ್ಟೆ. ಅದರ ಚಪ್ಪಟೆ ಕಾಲುಗಳು ನಮ್ಮ ದುಂಡು ತೂತುಗಳಿಗೆ ಇಳಿಯುವುದಿಲ್ಲವೆಂದು ಕಾಸರಗೋಡಿಗೆ ಹೋಗಿ ಪಿನ್ನು ಬದಲಿಸುವ ಸಾಧನವನ್ನೂ ತಂದಿಟ್ಟೆ. ಅದು ಕಾಲಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ ಎಂದು ಅಂಗಡಿಯವನು ಹೇಳಿದಾಗ, ಕಾಫಿಯ ಕಥೆ ಇಲ್ಲಿಗೂ ತಲುಪಿತೇ ಎಂದು ಒಂದು ಕ್ಷಣ ಅನುಮಾನವಾಯಿತು.

ಅಳಿಯ ಬಂದ ರಾತ್ರಿಯೇ ಅಪಶಕುನ ಶುರುವಾಯಿತು. ಅವನ ಅಮೆರಿಕದ ಫೋನಿಗೆ ನಮ್ಮ ಹಳೆಯ ರೂಟರ್ ಕಾಣಿಸಲೇ ಇಲ್ಲ. ಹುಡುಕಿದರೆ, ವೈಫೈ ಅಲೆಗಳು ಓಡಾಡುವ ಓಣಿಗಳಾದ ಚಾನೆಲುಗಳ ಪೈಕಿ ನಮ್ಮದು 13ನೆಯದರಲ್ಲಿ ಕುಳಿತಿತ್ತು. ಅವರ ಕಡೆ 2.4 ಗಿಗಾಹರ್ಟ್ಸಿನ ವೈಫೈ ಅಲೆಪಟ್ಟಿಯಲ್ಲಿ ಸಾಧಾರಣವಾಗಿ ಬಳಸುವುದು 1ರಿಂದ 11ರ ವರೆಗಿನ ಚಾನೆಲುಗಳನ್ನು ಮಾತ್ರ. 6ಕ್ಕೆ ಇಳಿಸಿದ ಮೇಲೆ ದರ್ಶನವಾಯಿತು.

ಮರುದಿನ ಹೊಸ ಡಬ್ಬಿಯನ್ನು ಚಾವಡಿಯ ಮೇಜಿನ ಮೇಲಿಟ್ಟು ಇಂಟರ್ನೆಟ್ಟಿನ ಹುಡುಗನನ್ನು ಕರೆಸಿದೆ. ಹಿಂಬದಿಯಲ್ಲಿ ತಿರುಪು ಹಾಕುವಂಥ ದುಂಡನೆಯ ಬಾಯಿಯೊಂದಿತ್ತು. ಹುಡುಗ ಅದನ್ನು ಬೆರಳಿನಿಂದ ಸವರಿ, ನನ್ನ ಮುಖ ನೋಡಿ, "ಮಾಷೇ, ಇದು ಟಿವಿ ಕೇಬಲಿನಲ್ಲಿ ಬರುವ ಇಂಟರ್ನೆಟ್ಟಿಗೆ ಆಗುವಂಥದ್ದು. ನಿಮ್ಮ ಮನೆಗೆ ಬಂದಿರುವುದು ಫೈಬರ್," ಎಂದ. ನ್ಯೂಜೆರ್ಸಿಯಲ್ಲಿ ಅಳಿಯನ ಮನೆಗೆ ಇಂಟರ್ನೆಟ್ ತಾಮ್ರದ ಕೇಬಲಿನಲ್ಲಿ ಬರುತ್ತದೆ. ನಮ್ಮಲ್ಲಿಗೆ ಕೂದಲೆಳೆಯಂಥ ಗಾಜಿನೊಳಗೆ ಬೆಳಕಾಗಿ ಬರುತ್ತದೆ. ಅವನು ತನ್ನ ಮನೆಯಲ್ಲಿದ್ದಂಥದ್ದನ್ನೇ, ಕೇಬಲಿನಲ್ಲಿ ಬಂದದ್ದನ್ನು ಇಂಟರ್ನೆಟ್ಟಾಗಿ ಬಿಡಿಸುವ ಮೋಡೆಮ್ಮೂ ಅದನ್ನು ಮನೆಯೊಳಗೆ ಹಂಚುವ ರೂಟರೂ ಒಂದೇ ಹೊಟ್ಟೆಯಲ್ಲಿರುವುದನ್ನು, ಕೊಂಡಿದ್ದ. ಕರೆಂಟು ಹೋಗುವ ಬಾಯಿಯನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿದ ನಾನು, ಇಂಟರ್ನೆಟ್ ಹೋಗುವ ಬಾಯಿಯ ಒಂದು ಫೋಟೋ ಕೂಡ ಕೇಳಿರಲಿಲ್ಲ. ಅಳಿಯ ಜಗಲಿಗೆ ಹೋಗಿ ಅಡಕೆ ಒಣಗಿದೆಯೇ ಎಂದು ಬಹಳ ಹೊತ್ತು ನೋಡಿದ.

ಹುಡುಗನಿಗೆ ನಮ್ಮ ಮೇಲೆ ಕನಿಕರ ಬಂದಿರಬೇಕು. ಡಬ್ಬಿಯೊಳಗಿನ ಮೋಡೆಮ್ಮನ್ನು ಅದರ ಪಾಡಿಗೆ ಬಿಟ್ಟು, ಮನೆಯ ಸಾಧನಗಳಿಗೆಲ್ಲ ವಿಳಾಸ ಹಂಚುವ ಅದರ ಅಧಿಕಾರವನ್ನೂ ಕಿತ್ತುಕೊಂಡು, ಹಳೆಯ ರೂಟರಿನಿಂದ ಲ್ಯಾನ್ ವಯರೊಂದನ್ನು ಅಟ್ಟದ ಮೇಲಿಂದ ಅಡುಗೆಮನೆಗೆ ಎಳೆದು, ಅಲ್ಲಿ ಹೊಸ ಡಬ್ಬಿಯನ್ನು ಬರಿಯ ವೈಫೈ ಬೀರುವ ಪೆಟ್ಟಿಗೆಯಾಗಿ ಕೂರಿಸಿದ. ಪಿನ್ನು ಬದಲಿಸುವ ಸಾಧನ ಅಡಾಪ್ಟರಿನ ಭಾರಕ್ಕೆ ಜಾರಿ ಬೀಳುತ್ತದೆಂದು ಅದರ ಅಡಿಗೆ ಗೆರಟೆಯೊಂದನ್ನು ಆನಿಕೆ ಕೊಟ್ಟದ್ದಷ್ಟೇ ನನ್ನ ಕೊಡುಗೆ.

ಭಾಗವತರು ಈಗ ಪದವನ್ನು ಎತ್ತಿದಲ್ಲಿಂದ ಇಳಿಸುವ ವರೆಗೂ ಹಾಡುತ್ತಾರೆ. ಆದರೆ ಪೆಟ್ಟಿಗೆಯ ಮುಂಭಾಗದ ದೀಪವೊಂದು ಹಗಲೂ ರಾತ್ರಿ ಮಿಟುಕುತ್ತಲೇ ಇರುತ್ತದೆ. ಒಳಗಿರುವ ಮೋಡೆಮ್ ತನ್ನ ಊರಿನ ಕೇಬಲನ್ನು ಇನ್ನೂ ಹುಡುಕುತ್ತಿದೆಯಂತೆ. ದೋಸೆ ಹೊಯ್ಯುವಾಗ ಅದು ಕಣ್ಣಿಗೆ ಚುಚ್ಚುತ್ತದೆಂದು ನಮ್ಮಾಕೆ ಅದರ ಮೇಲೆ ತನ್ನ ಸ್ಟಿಕರ್ ಬೊಟ್ಟೊಂದನ್ನು ಅಂಟಿಸಿದ್ದಾಳೆ.