ವಿಮೆಯ ಲೆಕ್ಕದಲ್ಲಿ ಹೆಂಡತಿ ಮಕ್ಕಳೂ ಸೇರಬೇಕು

ಅಮೆರಿಕದ ಕಂಪನಿಗಳಲ್ಲಿ 2026ರ ಆರೋಗ್ಯ ವಿಮೆಯನ್ನು ಆರಿಸಿಕೊಳ್ಳುವ ಓಪನ್ ಎನ್‌ರೋಲ್‌ಮೆಂಟ್ ಅವಧಿ 2025ರ ಕೊನೆಯಲ್ಲಿ ನಡೆಯಿತು. ಇಲ್ಲಿರುವ ಕನ್ನಡ ಕುಟುಂಬಗಳಲ್ಲಿ ಬಹುತೇಕರಿಗೆ ವಿಮೆ ಕೆಲಸದ ಮೂಲಕವೇ ಬರುವುದರಿಂದ, ಒಬಾಮಾಕೇರ್ ಎಂದು ಎಲ್ಲರೂ ಕರೆಯುವ 2010ರ ಸುಧಾರಣಾ ಕಾಯ್ದೆಗೂ ತಮಗೂ ಸಂಬಂಧವಿಲ್ಲ, ಅದೇನಿದ್ದರೂ ಸ್ವಂತವಾಗಿ ವಿಮೆ ಕೊಳ್ಳುವವರ ವಿಷಯ ಎಂಬ ಭಾವನೆ ನಮ್ಮವರಲ್ಲಿ ಇದೆ. ನಾನು ಇದನ್ನು ಒಪ್ಪುವುದಿಲ್ಲ. ಕಂಪನಿಯ ವಿಮೆಯಲ್ಲಿ ನಾವು ಇಂದು ಸಹಜವೆಂದು ತಿಳಿದಿರುವ ಎಷ್ಟೋ ಸೌಲಭ್ಯಗಳು ಆ ಕಾಯ್ದೆಯಿಂದ ಬಂದವು. ನಮ್ಮ ಕುಟುಂಬಗಳಿಗೆ ಭಾರವಾಗಿರುವ ಒಂದು ದೊಡ್ಡ ಕೊರತೆಯೂ ಅದೇ ಕಾಯ್ದೆಯಲ್ಲಿದೆ.

2014ಕ್ಕೆ ಮೊದಲು, ವಿಮೆಯಿಲ್ಲದೆ ಕೆಲಕಾಲ ಕಳೆದು ಹೊಸ ಕೆಲಸಕ್ಕೆ ಸೇರಿದವರಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆಯಂಥ ರೋಗದ ಚಿಕಿತ್ಸೆಯ ಖರ್ಚನ್ನು ಕಂಪನಿಯ ವಿಮೆ 12 ತಿಂಗಳವರೆಗೂ ನಿರಾಕರಿಸಬಹುದಿತ್ತು. ಕಾಯ್ದೆ ಅದನ್ನು ನಿಲ್ಲಿಸಿತು. ವಿಮೆ ಆರಂಭವಾಗಲು ಹೊಸ ನೌಕರರನ್ನು 90 ದಿನಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಅಗತ್ಯ ಚಿಕಿತ್ಸೆಗಳಿಗೆ ಜೀವಮಾನದಲ್ಲಿ ಇಷ್ಟೇ ಹಣ ಎಂಬ ಮಿತಿ ಹಾಕುವಂತಿಲ್ಲ. ಮಕ್ಕಳು 26 ವರ್ಷದವರೆಗೆ ತಂದೆ ತಾಯಿಯ ವಿಮೆಯಲ್ಲಿ ಉಳಿಯಬಹುದು. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಿಗೆ ಈ ಕೊನೆಯ ನಿಯಮದ ಬೆಲೆ ಚೆನ್ನಾಗಿ ಗೊತ್ತಿದೆ. ಮಗಳಿಗೆ 21 ತುಂಬಿದ ಕೂಡಲೇ, ಎಚ್-1ಬಿ ಎಂಬ ಕೆಲಸದ ವೀಸಾದವರ ಸಂಗಾತಿ ಮತ್ತು ಮಕ್ಕಳಿಗೆ ಸಿಗುವ ಎಚ್-4 ವೀಸಾ ಅವಳನ್ನು ಕೈಬಿಡುತ್ತದೆ, ಅವಳು ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಆದರೆ ಅಪ್ಪನ ಅಥವಾ ಅಮ್ಮನ ಕಂಪನಿಯ ವಿಮೆ ಅವಳನ್ನು ಇನ್ನೂ ಐದು ವರ್ಷ ಮನೆಯ ಮಗಳೆಂದೇ ಕಾಣುತ್ತದೆ.

ಇಷ್ಟೆಲ್ಲ ಕೊಟ್ಟ ಕಾಯ್ದೆ ಬೆಲೆಯ ವಿಷಯಕ್ಕೆ ಬಂದಾಗ ಮಾತ್ರ ನೌಕರನೊಬ್ಬನನ್ನೇ ನೋಡಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಪೂರ್ಣಾವಧಿ ನೌಕರರಿಗೆ ಸಮನಾದ ಸಿಬ್ಬಂದಿಯಿರುವ ಕಂಪನಿ, ವಾರಕ್ಕೆ ಸರಾಸರಿ 30 ಗಂಟೆ ದುಡಿಯುವವರಿಗೆ ಕೈಗೆಟಕುವ ದರದಲ್ಲಿ ವಿಮೆ ಒದಗಿಸಬೇಕು, ಇಲ್ಲವಾದರೆ ದಂಡ ತೆರಬೇಕಾಗಬಹುದು. ಕೈಗೆಟಕುವ ದರವೆಂದರೆ ಎಷ್ಟು ಎಂಬುದನ್ನು ತೆರಿಗೆ ಇಲಾಖೆ ಪ್ರತಿವರ್ಷ ನಿಗದಿ ಮಾಡುತ್ತದೆ. 2025ರಲ್ಲಿ ಅದು ಆದಾಯದ ಶೇ. 9.02 ಇತ್ತು, 2026ಕ್ಕೆ ಶೇ. 9.96 ಆಗಿದೆ. ಆದರೆ ಈ ಅಳತೆ ಅನ್ವಯಿಸುವುದು ನೌಕರನೊಬ್ಬನೇ ವಿಮೆ ಪಡೆದರೆ ಕಟ್ಟಬೇಕಾದ ಕಂತಿಗೆ ಮಾತ್ರ. ಮಕ್ಕಳಿಗೆ ವಿಮೆಯ ಅವಕಾಶ ಕೊಡಬೇಕು, ಯಾವ ದರಕ್ಕಾದರೂ ಕೊಡಬಹುದು. ಗಂಡ ಅಥವಾ ಹೆಂಡತಿಗೆ ಆ ಅವಕಾಶವನ್ನೂ ಕೊಡಬೇಕಾಗಿಲ್ಲ.

ವರ್ಷಕ್ಕೆ 60,000 ಡಾಲರ್ ಸಂಬಳದ ಒಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎನ್‌ರೋಲ್‌ಮೆಂಟ್ ಪುಟದಲ್ಲಿ 'ನೌಕರ ಮಾತ್ರ' ಎಂಬ ಸಾಲಿನ ಮುಂದೆ ತಿಂಗಳಿಗೆ 150 ಡಾಲರ್ ಎಂದಿದೆ, 'ನೌಕರ ಮತ್ತು ಕುಟುಂಬ' ಎಂಬ ಸಾಲಿನ ಮುಂದೆ 1,400 ಡಾಲರ್ ಎಂದಿದೆ ಎಂದುಕೊಳ್ಳಿ. ಮೊದಲ ಸಾಲಿನಲ್ಲಿ ಕಂಪನಿ ಸುಮಾರು 498 ಡಾಲರ್‌ವರೆಗೂ ಕೇಳಬಹುದಾಗಿದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಇದು ಉದಾರವಾದ ವಿಮೆ. ಎರಡನೆಯ ಸಾಲು ವರ್ಷಕ್ಕೆ 16,800 ಡಾಲರ್, ಅಂದರೆ ಸಂಬಳದ ಶೇ. 28ರಷ್ಟನ್ನು ನುಂಗುತ್ತದೆ, ಅದಕ್ಕೆ ಯಾವ ದಂಡವೂ ಇಲ್ಲ. ದೊಡ್ಡ ಐಟಿ ಕಂಪನಿಗಳಲ್ಲಿ ಇರುವವರಿಗೆ ಇದು ಉತ್ಪ್ರೇಕ್ಷೆಯಾಗಿ ಕಾಣಬಹುದು. ಸಣ್ಣ ಕನ್ಸಲ್ಟಿಂಗ್ ಕಂಪನಿಗಳ ಮೂಲಕ ದುಡಿಯುವವರು, ಹೋಟೆಲು ಅಂಗಡಿಗಳಲ್ಲಿ ಕೆಲಸ ಮಾಡುವವರು ಇಂಥ ಪುಟಗಳನ್ನು ನೋಡಿರುತ್ತಾರೆ.

2022ರವರೆಗೆ ಸ್ಥಿತಿ ಇನ್ನೂ ಕಠಿಣವಾಗಿತ್ತು. ನೌಕರನೊಬ್ಬನ ಕಂತು ಅಳತೆಯೊಳಗಿದ್ದರೆ, ಹೆಂಡತಿ ಮಕ್ಕಳು, ಸ್ವಂತವಾಗಿ ವಿಮೆ ಕೊಳ್ಳುವವರಿಗಾಗಿ ಇರುವ ಸರ್ಕಾರಿ ಮಾರ್ಕೆಟ್‌ಪ್ಲೇಸಿನಲ್ಲಿ ವಿಮೆ ಕೊಂಡರೂ ತೆರಿಗೆ ರಿಯಾಯಿತಿಯ ನೆರವು ಸಿಗುತ್ತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಹೊರಬಂದ ತಿದ್ದುಪಡಿಯಿಂದಾಗಿ, ಕುಟುಂಬದ ಕಂತು ಮನೆಯ ಆದಾಯದ ಅಳತೆ ಮೀರಿದರೆ ಅವರಿಗೆ 2023ರಿಂದ ಆ ನೆರವು ಪಡೆಯುವ ದಾರಿ ತೆರೆಯಿತು. ಒಂದೇ ಮನೆಯವರು ಎರಡು ವಿಮೆ, ಎರಡು ಡಿಡಕ್ಟಿಬಲ್ (ವಿಮೆ ಹಣ ಕೊಡಲು ಶುರುಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತ), ಎರಡು ಆಸ್ಪತ್ರೆ ಪಟ್ಟಿಗಳನ್ನು ನಿಭಾಯಿಸಬೇಕಾದರೂ ಅದು ನಿಜವಾದ ಉಪಕಾರವೇ ಆಗಿತ್ತು.

ಆ ದಾರಿ ನಮ್ಮವರಲ್ಲಿ ಅನೇಕರಿಗೆ ಮುಚ್ಚಲಿದೆ ಎಂಬುದು ನನ್ನನ್ನು ಅತಿಯಾಗಿ ಕಾಡುತ್ತಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2027ರಿಂದ ಈ ನೆರವು ಗ್ರೀನ್ ಕಾರ್ಡ್ ಇರುವವರು ಮತ್ತು ಬೇರೆ ಕೆಲವೇ ವರ್ಗದ ವಲಸಿಗರಿಗೆ ಸೀಮಿತವಾಗುತ್ತದೆ. ಎಚ್-1ಬಿ, ಎಚ್-4 ವೀಸಾದವರು ಮಾರ್ಕೆಟ್‌ಪ್ಲೇಸಿನಲ್ಲಿ ವಿಮೆ ಕೊಳ್ಳಬಹುದು, ಆದರೆ ಪೂರ್ತಿ ಬೆಲೆ ಕೊಟ್ಟೇ ಕೊಳ್ಳಬೇಕು. ಇಲ್ಲಿಯೇ ದುಡಿದು, ಇಲ್ಲಿಯೇ ತೆರಿಗೆ ಕಟ್ಟಿ, ಸರತಿಯಲ್ಲಿ ಹತ್ತು ಹದಿನೈದು ವರ್ಷ ನಿಂತವರ ಮಕ್ಕಳಿಗೆ ಇದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಕುಟುಂಬದ ಕಂತಿಗೂ ಮಿತಿ ಹಾಕಿದರೆ ಕಂಪನಿಗಳು ಆ ಹಣವನ್ನು ಸಂಬಳದಿಂದಲೇ ಕಡಿತ ಮಾಡುತ್ತವೆ ಎಂಬ ವಾದದಲ್ಲಿ ಹುರುಳಿದೆ. 2025ರಲ್ಲಿ ಕಂಪನಿಗಳ ಕುಟುಂಬ ವಿಮೆಯ ಸರಾಸರಿ ವೆಚ್ಚ ಸುಮಾರು 27,000 ಡಾಲರ್ ಆಗಿರುವಾಗ ಆ ಭಾರ ಎಲ್ಲಾದರೂ ಬೀಳಲೇಬೇಕು. ಆದರೆ ಕಂಪನಿ ಕಟ್ಟುವ ಕಂತಿಗೆ ಆದಾಯ ತೆರಿಗೆ ಇಲ್ಲ. ಹೆಚ್ಚು ಸಂಬಳದವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವುದರಿಂದ ಈ ವಿನಾಯಿತಿಯ ಹೆಚ್ಚಿನ ಲಾಭ ಅವರಿಗೇ ಸಿಗುತ್ತದೆ. ಸಾರ್ವಜನಿಕ ಹಣ ಹೀಗೆ ಉಳ್ಳವರ ಕುಟುಂಬ ವಿಮೆಗೆ ಹರಿಯುತ್ತಿರುವಾಗ, ಕಡಿಮೆ ಸಂಬಳದ ನೌಕರನ ಮಕ್ಕಳ ಕಂತಿಗೂ ಒಂದು ಮಿತಿ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ. ಶೇ. 9.96ರ ಅಳತೆಯನ್ನೇ ಇಡಬೇಕೆಂದು ನನ್ನ ಹಟವಿಲ್ಲ, ಸಣ್ಣ ಕಂಪನಿಗಳಿಗೆ ಸರ್ಕಾರದ ನೆರವು ಬೇಕಾಗಬಹುದು. ಆದರೆ ಮಿತಿಯೇ ಇಲ್ಲದಿರುವುದು ಸರಿಯಲ್ಲ.

ಕಾನೂನು ಬದಲಾಗುವವರೆಗೆ, ಹೊಸ ಕೆಲಸಕ್ಕೆ ಒಪ್ಪಿಗೆ ಸೂಚಿಸುವ ಮೊದಲು ಸಂಬಳದ ಜೊತೆಗೆ ಕುಟುಂಬದ ಕಂತನ್ನೂ, ಸಂಗಾತಿಗೆ ವಿಮೆ ಉಂಟೋ ಇಲ್ಲವೋ ಎಂಬುದನ್ನೂ ಲಿಖಿತವಾಗಿ ಕೇಳಿ ಪಡೆಯಿರಿ. ಹೆಂಡತಿ ಮಕ್ಕಳಿಗೆ ಮಾರ್ಕೆಟ್‌ಪ್ಲೇಸಿನ ನೆರವಿನಿಂದ ವಿಮೆ ಮಾಡಿಸಿರುವ ಎಚ್-1ಬಿ ಕುಟುಂಬಗಳು 2027ರ ವಿಮೆಯನ್ನು ಆರಿಸುವುದಕ್ಕೆ 2026ರ ಕೊನೆಯವರೆಗೆ ಸಮಯವಿದೆ. ಅಷ್ಟರೊಳಗೆ ತಮ್ಮ ಕಂಪನಿಯ ಎಚ್‌ಆರ್ ವಿಭಾಗದ ಮುಂದೆ ಕುಟುಂಬದ ಕಂತಿನ ಪ್ರಶ್ನೆಯನ್ನು ಒಟ್ಟಾಗಿ ಇಡಲಿ ಎಂಬುದು ನನ್ನ ವಿನಂತಿ.