ಕೊಂಬುಚಾ ಮನೆಯಲ್ಲೇ ಮಾಡಿ, ರುಚಿಗೋಸ್ಕರ ಕುಡಿಯಿರಿ

ಬೆಂಗಳೂರಿನ ಕೆಫೆಗಳಲ್ಲಿ ಕೊಂಬುಚಾ ಈಗ ಮಾಮೂಲಿ. ಒಂದು ಪುಟ್ಟ ಬಾಟಲಿಗೆ ನೂರು ರೂಪಾಯಿ ದಾಟುತ್ತದೆ. ಒಳಗಿರುವುದು ಚಹಾ, ಸಕ್ಕರೆ, ನೀರು, ಅದನ್ನು ಹುಳಿ ಬರಿಸುವ ಸೂಕ್ಷ್ಮಜೀವಿಗಳು. ಅಷ್ಟೇ. ಇದನ್ನು ದುಬಾರಿ ಆರೋಗ್ಯ ಪಾನೀಯ ಅಂತ ಮಾರುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಇದು ಮನೆಯಲ್ಲಿ ಆಗುವ ಕೆಲಸ.

ಸೋವಿಯತ್ ಕಾಲದ ರಷ್ಯಾದಲ್ಲಿ ಹಾಗೇ ಇತ್ತು. ಅಡುಗೆಮನೆ ಕಿಟಕಿಯ ಹತ್ತಿರ ಮೂರು ಲೀಟರಿನ ಗಾಜಿನ ಜಾಡಿ, ಬಾಯಿಗೆ ಕಟ್ಟಿದ ಬಟ್ಟೆ. ಹೆಪ್ಪು ಕೇಳಿ ತರುವ ಹಾಗೆ, ಪಕ್ಕದ ಮನೆಯ ಕೊಂಬುಚಾ ಮೇಲೆ ತೇಲುವ ಒಂದು ಪದರ ತಂದು ಶುರು ಮಾಡುತ್ತಿದ್ದರು. ಅಮೆರಿಕದಲ್ಲಿ ಬಾಟಲಿ ವ್ಯಾಪಾರ ಬೆಳೆದದ್ದು 1990ರ ದಶಕದ ನಂತರ.

ಒಳಗೆ ನಡೆಯುವುದು ಎರಡು ಹಂತದ ಕೆಲಸ. ಯೀಸ್ಟ್ ಸಕ್ಕರೆಯನ್ನು ಒಡೆದು ಸ್ವಲ್ಪ ಆಲ್ಕೋಹಾಲ್, ಸ್ವಲ್ಪ ಗ್ಯಾಸ್ ಮಾಡುತ್ತದೆ. ಆ ಆಲ್ಕೋಹಾಲನ್ನು ಬ್ಯಾಕ್ಟೀರಿಯಾ ಹುಳಿಯಾಗಿ ಬದಲಾಯಿಸುತ್ತದೆ. ಅದಕ್ಕೆ ಗಾಳಿ ಬೇಕು, ಹಾಗಾಗಿ ಮುಚ್ಚಳ ಹಾಕಬಾರದು. ಮೇಲೆ ತೇಲುವ ದಪ್ಪ ಪದರವನ್ನು ಸ್ಕೋಬಿ ಅನ್ನುತ್ತಾರೆ. ಅದು ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್, ಅಂದರೆ ನಾರು. ಎಲ್ಲರೂ ಅದನ್ನೇ ದೊಡ್ಡದು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದರ ಜೊತೆ ಬರುವ ಹುಳಿ ಚಹಾನೇ ಮುಖ್ಯ. ಪದರ ಇಲ್ಲದಿದ್ದರೂ ಒಳ್ಳೆ ಹುಳಿ ಚಹಾ ಇದ್ದರೆ ಹೊಸ ಪದರ ತಾನಾಗಿ ಕಟ್ಟುತ್ತದೆ.

ಅಳತೆ ಸುಲಭ. ಒಂದು ಲೀಟರ್ ನೀರಿಗೆ ಎರಡು ಚಮಚ ಎಲೆ ಚಹಾ, 70ರಿಂದ 80 ಗ್ರಾಂ ಬಿಳಿ ಸಕ್ಕರೆ, 100 ಎಂಎಲ್ ಹಳೆಯ ಹುಳಿ ಚಹಾ, ಅಂದರೆ ಹಿಂದಿನ ಸಲ ಮಾಡಿದ ಕೊಂಬುಚಾ. ನೀಲಗಿರಿ ಎಲೆ ಚಹಾ ಚೆನ್ನಾಗಿ ಬರುತ್ತದೆ. ಹಾಲು, ಏಲಕ್ಕಿ, ಮಸಾಲೆ ಏನೂ ಬೇಡ. ಬೆಲ್ಲ ಹಾಕುವ ಆಸೆ ನಮಗೆಲ್ಲ ಇರುತ್ತದೆ ಅಲ್ವಾ, ಅದನ್ನು ಕೈ ಪಳಗಿದ ಮೇಲೆ ನೋಡಿ. ಕುದಿಸಿದ ನೀರಿಗೆ ಚಹಾ ಹಾಕಿ, ಹತ್ತು ನಿಮಿಷ ಬಿಟ್ಟು ಸೋಸಿ, ಸಕ್ಕರೆ ಕರಗಿಸಿ. ಪೂರ್ತಿ ಆರಿದ ಮೇಲೆ ಹುಳಿ ಚಹಾ, ಪದರ ಸೇರಿಸಿ. ಬಿಸಿ ಇದ್ದಾಗಲೇ ಹುಳಿ ಚಹಾ ಸುರಿದರೆ ಜೀವಿಗಳು ಸಾಯುತ್ತವೆ.

ಪಾತ್ರೆ ಗಾಜಿನದೇ ಇರಲಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಬೇಡವೇ ಬೇಡ. ಉಪ್ಪಿನಕಾಯಿ ಹಾಕುವ ಹಳೆಯ ಪಿಂಗಾಣಿ ಭರಣಿಯೂ ಬೇಡ. ಕೆಲವದರ ಹೊಳಪಿನ ಲೇಪದಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಬಾಯಿಗೆ ಒತ್ತಾದ ಹತ್ತಿ ಬಟ್ಟೆ ಕಟ್ಟಿ. ತೆಳು ಬಟ್ಟೆ ಆದರೆ ಹಣ್ಣಿನ ನೊಣ ನುಸುಳುತ್ತದೆ.

ಮೊದಲೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ಜಾಡಿಯನ್ನು ಬೆಳಕಿಗೆ ಓರೆಯಾಗಿ ನೋಡಿ. ಮೇಲೆ ತೆಳ್ಳನೆಯ ಪೊರೆ, ಅದರಡಿ ಸಿಕ್ಕಿಕೊಂಡ ಸಣ್ಣ ಗುಳ್ಳೆಗಳು, ಕೆಳಗೆ ಜೋತಾಡುವ ಕಂದು ಎಳೆಗಳು. ಆ ಎಳೆ ಯೀಸ್ಟ್, ಹೆದರಬೇಡಿ. ಹೆದರಬೇಕಾದದ್ದು ಬೂಷ್ಟಿಗೆ. ಅದು ಪೊರೆಯ ಮೇಲೆ ಒಣಗಿದ ಹಾಗೆ, ನವಿರು ಕೂದಲಿನಂತೆ, ಬಿಳಿ, ಹಸಿರು ಅಥವಾ ಕಪ್ಪಾಗಿ ಬರುತ್ತದೆ. ಬಂತೋ, ಎಲ್ಲವನ್ನೂ ಚೆಲ್ಲಿ. ಮೇಲಿಂದ ತೆಗೆದು ಉಳಿದದ್ದನ್ನು ಕುಡಿಯುವ ಉಳಿತಾಯ ಬೇಡ. ಹುಳಿ ಚಹಾ ಅಳತೆಯಷ್ಟು ಹಾಕುವುದೇ ಬೂಷ್ಟು ತಡೆಯುವ ಮುಖ್ಯ ಉಪಾಯ, ಏಕೆಂದರೆ ಶುರುವಿನಲ್ಲೇ ಹುಳಿ ಇದ್ದರೆ ಬೂಷ್ಟಿಗೆ ನೆಲೆ ಸಿಗುವುದಿಲ್ಲ.

ಬೆಂಗಳೂರಿನ ಹವೆಗೆ ಏಳರಿಂದ ಹತ್ತು ದಿನ. ಮಂಗಳೂರಿನ ಸೆಖೆಗೆ ಇನ್ನೂ ಬೇಗ, ಮಡಿಕೇರಿಯ ಚಳಿಗೆ ಜಾಸ್ತಿ ದಿನ. ಐದನೇ ದಿನದಿಂದ ಚಮಚದಲ್ಲಿ ರುಚಿ ನೋಡುತ್ತಿರಿ. ಸಿಹಿ ಇಳಿದು ಹುಳಿ ನಾಲಿಗೆಗೆ ಹಿತವಾದಾಗ ಸೋಸಿಕೊಳ್ಳಿ. ಆಮೇಲೆ ಶುಂಠಿ ರಸ ಅಥವಾ ಪುನರ್ಪುಳಿ ಸೇರಿಸಿ, ದಪ್ಪ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಎರಡು ದಿನ ಹೊರಗಿಡಿ. ಗುಳ್ಳೆ ಬರುವುದು ಇಲ್ಲಿ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಇಲ್ಲದಿದ್ದರೆ ಬಾಟಲಿ ಸಿಡಿಯಬಹುದು. ನಂತರ ಫ್ರಿಜ್ ಸೇರಲಿ.

ಇನ್ನು ಆರೋಗ್ಯದ ಮಾತು. ಕ್ಯಾನ್ಸರ್, ಸಂಧಿವಾತ ಎಲ್ಲಕ್ಕೂ ಮದ್ದು ಅನ್ನುವವರನ್ನು ನಂಬಬೇಡಿ. ಮನುಷ್ಯರ ಮೇಲೆ ನಡೆದ ಅಧ್ಯಯನ ಬಹಳ ಕಡಿಮೆ. ಟೈಪ್ 2 ಮಧುಮೇಹದವರಲ್ಲಿ ಬೆಳಗಿನ ಸಕ್ಕರೆ ಇಳಿಯಿತು ಅಂತ 2023ರಲ್ಲಿ ಸುದ್ದಿಯಾದ ಅಧ್ಯಯನದಲ್ಲಿ ಇದ್ದದ್ದು 12 ಜನ. ಅದನ್ನು ಹಿಡಿದುಕೊಂಡು ಮಾತ್ರೆ ಬಿಡಬೇಡಿ. ಕೊಂಬುಚಾಗೆ ಹಾಕಿದ ಸಕ್ಕರೆ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಆಲ್ಕೋಹಾಲೂ ಉಳಿಯುತ್ತದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಮನೆಯಲ್ಲಿ ಮಾಡಿದ್ದನ್ನು ಕುಡಿಯದಿರುವುದೇ ಒಳ್ಳೆಯದು. ಉಳಿದವರು ಶುರುವಿಗೆ ಅರ್ಧ ಲೋಟ ಸಾಕು.

ಔಷಧಿಯ ಹಣೆಪಟ್ಟಿ ಕಿತ್ತು ಹಾಕಿದರೂ ಇದು ಒಳ್ಳೆಯ ಪಾನೀಯವೇ. ಮಧ್ಯಾಹ್ನದ ಬಿಸಿಲಿಗೆ ತಣ್ಣಗಿನ ಶುಂಠಿ ಕೊಂಬುಚಾ ಕುಡಿದು ನೋಡಿ, ಬೇರೆ ಕಾರಣ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿರುವ ಸ್ನೇಹಿತರು ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಸುಮ್ನೆ ದುಡ್ಡು ಕೊಟ್ಟು ಸ್ಕೋಬಿ ತರಿಸಬೇಡಿ. ತೊಳೆದು ಒಣಗಿಸಿದ ಗಾಜಿನ ಬಾಟಲಿ ತನ್ನಿ. ಪದರದ ಜೊತೆ ಒಂದು ಲೋಟ ಹುಳಿ ಚಹಾನೂ ಕೊಡುತ್ತೇನೆ.