ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಏನಿದೆ?

ಮುಂಬಯಿ ಪಕ್ಕದ ಡೊಂಬಿವಲಿಯಿಂದ ಈಗಷ್ಟೇ ಮನೆಗೆ ಬಂದೆ. ಲೋಕಲ್ ಟ್ರೈನ್ ಮುಲುಂಡ್ ತಲುಪಿದರೂ ತಲೆಬಿಸಿ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗಬಹುದು, ಓದಿ.

ದೊಡ್ಡಪ್ಪ ದೊಡ್ಡಮ್ಮನ ಮನೆ ರಿನೋವೇಶನ್ ಮುಗಿಯಿತು. ಇವತ್ತು ಅಲ್ಲಿ ಸತ್ಯನಾರಾಯಣ ಪೂಜೆ. ಮನೆ ತುಂಬ ಜನ. ಬಂದವರೆಲ್ಲ ಫಾಲ್ಸ್ ಸೀಲಿಂಗ್ ನೋಡಿ ಹೊಗಳಿದ್ದೇ ಹೊಗಳಿದ್ದು. ನನ್ನ ಕಣ್ಣು ಮಾತ್ರ ದೊಡ್ಡಮ್ಮನ ಕಾಲಿನ ಮೇಲೇ ಇತ್ತು. 76 ವರ್ಷದ ಹೆಂಗಸು ತನ್ನದೇ ಮನೆಯ ಹಾಲ್ ದಾಟಲು ಗೋಡೆಗೆ ಕೈ ಕೊಟ್ಟು, ಕಾಲಬೆರಳನ್ನು ನೆಲಕ್ಕೆ ಒತ್ತಿ ಒತ್ತಿ ಹೆಜ್ಜೆ ಇಡುತ್ತಿದ್ದರು. ಮುಖ ಕಾಣುವಷ್ಟು ಹೊಳೆಯುವ ದೊಡ್ಡ ದೊಡ್ಡ ಟೈಲ್ಸ್. ಮೊದಲು ಅಲ್ಲಿ ಹಳೇ ಮೊಸಾಯಿಕ್ ಲಾದಿ ಇತ್ತು. ಚೆಂದ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅದರ ಮೇಲೆ ದೊಡ್ಡಮ್ಮ ಹಬ್ಬದ ದಿನ ಹತ್ತಾರು ಎಲೆ ಹಾಕಿ, ಓಡಾಡಿ ಬಡಿಸಿದ್ದನ್ನು ನಾನೇ ನೋಡಿದ್ದೇನೆ.

"ಎಲ್ಲ ಚೆಂದ ಆಯ್ತು ಮಗಾ. ಸ್ವಲ್ಪ ಅಭ್ಯಾಸ ಆಗಬೇಕು, ಅಷ್ಟೆ" ಅಂದರು. ಈ ವಯಸ್ಸಿನಲ್ಲಿ ಮನೆ ಅವರಿಗೆ ಹೊಂದಿಕೊಳ್ಳಬೇಕೋ, ಅವರು ಮನೆಗೆ ಅಭ್ಯಾಸ ಆಗಬೇಕೋ?

ದೊಡ್ಡಪ್ಪನ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1982ರ ಮುಂಬಯಿಯ ಬಟ್ಟೆ ಗಿರಣಿ ಮುಷ್ಕರದಲ್ಲಿ ಕೆಲಸ ಹೋಯಿತು. ಆಮೇಲೆ ಅಲ್ಲೇ ಫೋರ್ಟ್ ಏರಿಯಾದ ಒಂದು ಕ್ಯಾಂಟೀನಿನಲ್ಲಿ ಲೆಕ್ಕ ಬರೆದು, ಸಂಜೆ ಟ್ಯೂಷನ್ ಹೇಳಿ, ಮುಂಬಯಿಯ ಲಾಲ್‌ಬಾಗ್‌ನ ಚಾಳಿನ ಒಂದು ಖೋಲಿಯಿಂದ ಈ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದರು. ನಾಲ್ಕು ಮಹಡಿಯ ಕಟ್ಟಡ, ಲಿಫ್ಟ್ ಇಲ್ಲ, ಇವರದು ಮೊದಲನೇ ಮಹಡಿ. ಊರಿಂದ ಕೆಲಸ ಹುಡುಕಿಕೊಂಡು ಬಂದ ನಮ್ಮ ಕಡೆಯ ಎಷ್ಟೋ ಹುಡುಗರು ಮೊದಲ ರಾತ್ರಿ ಮಲಗಿದ್ದು ಇದೇ ಮನೆಯ ಹಾಲಿನಲ್ಲಿ. ಫ್ಲ್ಯಾಟ್ ಯಾರದು ಅಂತ ಹೇಳುವ ಸೊಸೈಟಿಯ ಷೇರ್ ಸರ್ಟಿಫಿಕೇಟಿನಲ್ಲಿ ಈಗಲೂ ಇರುವುದು ದೊಡ್ಡಪ್ಪ ದೊಡ್ಡಮ್ಮ ಇಬ್ಬರದೇ ಹೆಸರು.

ಈ ಮನೆ ರಿಪೇರಿಗೆ ಇಡೀ ಕುಟುಂಬ ಕೈಜೋಡಿಸಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪುಣೆಯ ಅಣ್ಣ, ದೊಡ್ಡಪ್ಪನ ಮಗ, ದುಡ್ಡಿನ ಮುಕ್ಕಾಲು ಪಾಲು ಹಾಕಿದ್ದಾನೆ. ಠಾಣೆಯ ಅಕ್ಕ ಟೈಲ್ಸ್ ಅಂಗಡಿ ಸುತ್ತಿ ಸುತ್ತಿ ಕಾಲು ಸವೆಸಿದ್ದಾಳೆ. ಭಾವ ರಜೆ ಹಾಕಿ ಮೇಸ್ತ್ರಿಯ ತಲೆ ಮೇಲೆ ನಿಂತು ಕೆಲಸ ತೆಗೆದಿದ್ದಾನೆ. ಮೊಮ್ಮಗಳು ಫೋನಿನಲ್ಲೇ ಅಡಿಗೆಮನೆಯ ಡಿಸೈನ್ ಮಾಡಿದ್ದಾಳೆ. ಯಾರ ಪ್ರೀತಿಯ ಮೇಲೂ ನನಗೆ ಅನುಮಾನ ಇಲ್ಲ. ಸಿಟ್ಟು ಬರುವುದೇ ಅದಕ್ಕೆ. ಇಷ್ಟು ಪ್ರೀತಿ ಇದ್ದವರು ಒಂದು ಮಾತು ಕೇಳಬಹುದಿತ್ತಲ್ಲ!

ಕೆಲಸ ಶುರುವಾಗುವ ಮೊದಲು ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರು. ಎನ್‌ಒಸಿ ತಗೊಂಡರು, ಡಿಪಾಸಿಟ್ ಕಟ್ಟಿದರು. ಕೆಳಗಿನ ಮನೆಯವರಿಗೆ ನೀರು ಸೋರಬಾರದು ಅಂತ ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ನಿಲ್ಲಿಸಿ ಪರೀಕ್ಷೆ ಮಾಡಿ, ಅವರನ್ನೇ ಕರೆದು ತೋರಿಸಿದರು. ಮಧ್ಯಾಹ್ನ ಮಲಗುವ ಪಕ್ಕದ ಮನೆಯವರಿಗೆ ತೊಂದರೆ ಆಗಬಾರದು ಅಂತ ಡ್ರಿಲ್ಲಿಂಗ್‌ನ ಹೊತ್ತನ್ನೂ ಬದಲಾಯಿಸಿದರು. ಎಲ್ಲ ಸರಿಯೇ. ಆದರೆ ಆ ಮನೆಯಲ್ಲಿ ಹಗಲು ರಾತ್ರಿ ಇರುವ ಇಬ್ಬರನ್ನು ಮಾತ್ರ ಧೂಳು ಆಗುತ್ತದೆ ಅಂತ ಅಕ್ಕನ ಮನೆಗೆ ಕಳಿಸಿ, ಎಲ್ಲ ಮುಗಿದ ಮೇಲೆ ಕರೆದುಕೊಂಡು ಬಂದರು.

ಈಗ ಬಾತ್‌ರೂಮಿಗೆ ಬರುತ್ತೇನೆ. ನನ್ನ ಜಗಳ ಇರುವುದೇ ಅಲ್ಲಿ.

ಕಮೋಡ್ ಹಾಕಿಸಿದ್ದಾರೆ, ಒಳ್ಳೆಯದು. ಆದರೆ ಅದರ ಎರಡೂ ಪಕ್ಕದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಸ್ನಾನದ ಜಾಗಕ್ಕೆ ಗಾಜಿನ ಪಾರ್ಟಿಷನ್, ನೀರು ಹೊರಗೆ ಬರಬಾರದು ಅಂತ ಅದರ ಬುಡಕ್ಕೆ ಒಂದು ಗೇಣು ಎತ್ತರದ ಗ್ರಾನೈಟ್ ಕಟ್ಟೆ. ಮಂಡಿ ನೋವಿನ ದೊಡ್ಡಮ್ಮ ದಿನಾ ಒದ್ದೆ ಕಾಲಿನಲ್ಲಿ ಅದನ್ನು ದಾಟಬೇಕು. ಅವರು ಜೀವನಪೂರ್ತಿ ಸ್ಟೂಲ್ ಮೇಲೆ ಕೂತು, ಬಕೆಟಿನಿಂದ ಚೊಂಬಿನಲ್ಲಿ ನೀರು ಹಾಕಿಕೊಂಡವರು. ಈಗ ಅಲ್ಲಿ ಸ್ಟೂಲ್ ಇಟ್ಟರೆ ಬಕೆಟಿಗೆ ಜಾಗ ಇಲ್ಲ, ಬಕೆಟ್ ಇಟ್ಟರೆ ಸ್ಟೂಲಿಗೆ ಜಾಗ ಇಲ್ಲ. ಬಾಗಿಲು ಒಳಗೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ದೇಹವೇ ಬಾಗಿಲಿಗೆ ಅಡ್ಡ. ಹೊರಗಿನಿಂದ ನೂಕಿದಷ್ಟೂ ಬಿದ್ದವರಿಗೇ ಪೆಟ್ಟು.

ಕಮೋಡಿನ ಎದುರು ಗೋಡೆಯಲ್ಲಿ, ಏಳುವಾಗ ಕೈ ಹೋಗುವ ಜಾಗದಲ್ಲೇ, ಹೊಳೆಯುವ ಒಂದು ಟವೆಲ್ ರಾಡ್.

ನನ್ನ ಅಮ್ಮನ ವಿಷಯ ನಿಮಗೆ ಗೊತ್ತು. ಬಿದ್ದರು, ಸೊಂಟ ಮುರಿಯಿತು, ಆಪರೇಷನ್ ಆಯಿತು ಅಂತ ಆಗ ಬರೆದಿದ್ದೆ. ಹೇಗೆ ಬಿದ್ದರು ಅಂತ ಬರೆದಿರಲಿಲ್ಲ. ಮಳೆಗಾಲದ ಬೆಳಗ್ಗೆ, ನೆಲ ಒಣಗಿರಲಿಲ್ಲ. ಕಾಲು ಜಾರಿತು, ಕೈ ಟವೆಲ್ ರಾಡ್ ಹಿಡಿಯಿತು. ರಾಡ್ ಸ್ಕ್ರೂ ಸಮೇತ ಕಿತ್ತುಕೊಂಡು ಬಂತು. ನಾನು ಬಾಗಿಲು ತೆಗೆದಾಗ ಆ ರಾಡ್ ಇನ್ನೂ ಅವರ ಮುಷ್ಟಿಯಲ್ಲಿತ್ತು. ಗೋಡೆಯಲ್ಲಿ ಎರಡು ತೂತು, ಅದರಿಂದ ಹೊರಗೆ ಬಂದ ಪ್ಲಾಸ್ಟಿಕ್ ಪ್ಲಗ್ ನೆಲದಲ್ಲಿ. ಆಮೇಲೆ ಅಮ್ಮ ನಡೆದರು, ಆದರೆ ಮೊದಲಿನ ಅಮ್ಮ ಆಗಲಿಲ್ಲ. ಒಬ್ಬರೇ ಮಾರ್ಕೆಟ್ಟಿಗೆ ಹೋಗುವುದು ಅಲ್ಲಿಗೇ ನಿಂತಿತು. ಇವತ್ತು ಆ ಹೊಸ ರಾಡ್ ನೋಡಿ ನನಗೆ ಊಟ ಸೇರಲಿಲ್ಲ.

ಇದು ನಮ್ಮ ಮನೆಯ ದುರದೃಷ್ಟ ಮಾತ್ರ ಅಂದುಕೊಳ್ಳಬೇಡಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದೇ ಸಾಯುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಜಾಸ್ತಿ ಜನ 60 ದಾಟಿದವರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಹಾಗಾಗಿ ಇಪ್ಪತ್ತರ ಹುಡುಗಿ ಬಿದ್ದು ಎದ್ದು ನಗುವ ಕಡೆ, ಎಪ್ಪತ್ತರವರಿಗೆ ಸೊಂಟವೇ ಹೋಗುತ್ತದೆ. ನಮ್ಮ ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಕಷ್ಟ. ಅಂಥ ಊರಿನಲ್ಲಿ ಕನ್ನಡಿಯಂಥ ಟೈಲ್ಸ್ ಯಾಕೆ ಬೇಕು? ಒರಟು ಮೈಯ, ಜಾರದ ಟೈಲ್ಸ್ ಅದೇ ಅಂಗಡಿಯಲ್ಲಿ ಸಿಗುತ್ತದೆ. ಹಿಡಿದು ಏಳಲು ಗೋಡೆಗೆ ಹಾಕುವ ಗಟ್ಟಿ ಕಂಬಿ, ಅಂದರೆ ಗ್ರ್ಯಾಬ್ ಬಾರ್, ಬೆಲೆ ಸಾವಿರದ ಆಸುಪಾಸು. ಫಾಲ್ಸ್ ಸೀಲಿಂಗಿನ ಒಂದು ಮೂಲೆಯ ಖರ್ಚಿನಲ್ಲಿ ಇಡೀ ಬಾತ್‌ರೂಮಿಗೆ ಬೇಕಾದಷ್ಟು ಬಾರ್ ಬರುತ್ತಿತ್ತು.

ಅಣ್ಣನ ಹತ್ತಿರ ಇದನ್ನೇ ಹೇಳಿದೆ. "ನಾನು ಕೇಳಿದ್ದೆ ಕಣೇ. 'ನಿಮಗೆ ಹೇಗೆ ಬೇಕೋ ಹಾಗೆ ಮಾಡಿ' ಅಂದರು" ಅಂದ. ಅವನು ಸುಳ್ಳು ಹೇಳುತ್ತಿಲ್ಲ. ನಮ್ಮ ಹಿರಿಯರು ಹಾಗೇ ಹೇಳುತ್ತಾರೆ. ದುಡ್ಡು ಹಾಕುವ ಮಗನ ಎದುರು ಇದು ಬೇಕು ಅದು ಬೇಡ ಅನ್ನಲು ಅವರಿಗೆ ಸಂಕೋಚ. "ನಮಗೆ ಇನ್ನೆಷ್ಟು ದಿನ, ಇರುವವರು ನೀವು" ಅನ್ನುತ್ತಾರೆ. ಅದನ್ನು ಒಪ್ಪಿಗೆ ಅಂದುಕೊಂಡು ಮೇಸ್ತ್ರಿಗೆ ಫೋನ್ ಮಾಡಿದರೆ ಹೇಗೆ? ಮನೆ ಹೇಗಿರಬೇಕು ಅಂತ ಕೇಳಿದರೆ ಅವರು ಹೇಳುವುದಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ, ಏಳುವಾಗ ಏನು ಹಿಡಿಯುತ್ತೀರಿ, ಯಾವ ಕಾಲು ಮೊದಲು ಊರುತ್ತೀರಿ ಅಂತ ಕೇಳಿ. ಆಗ ಹೇಳುತ್ತಾರೆ. ನಾನು ಇವತ್ತು ಕೇಳಿದೆ. ದೊಡ್ಡಪ್ಪ ರಾತ್ರಿ ಮೂರು ಸಲ ಏಳುತ್ತಾರೆ. ಲೈಟಿನ ಸ್ವಿಚ್ ಬಾಗಿಲ ಪಕ್ಕದಲ್ಲಿದೆ, ದೊಡ್ಡಮ್ಮನ ನಿದ್ದೆ ಕೆಡಬಾರದು ಅಂತ ಕತ್ತಲಲ್ಲೇ ನಡೆಯುತ್ತಾರೆ. ಇಷ್ಟು ದೊಡ್ಡ ರಿನೋವೇಶನ್ ಮಾಡಿದ ನಮ್ಮಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ.

ಮನೆಗೆ ಮುಂದೆ ಒಳ್ಳೆ ರೇಟ್ ಬರಬೇಕಲ್ಲ ಅಂತ ಭಾವ ಹೇಳಿದ. ಈ ಕಟ್ಟಡಕ್ಕೆ 30 ವರ್ಷ ಯಾವಾಗಲೋ ದಾಟಿದೆ. ಕಟ್ಟಡ ಎಷ್ಟು ಗಟ್ಟಿ ಅಂತ ನೋಡುವ ಸ್ಟ್ರಕ್ಚರಲ್ ಆಡಿಟ್ ಬಗ್ಗೆ ಪ್ರತಿ ಮೀಟಿಂಗಿನಲ್ಲೂ ಜಗಳ ನಡೆಯುತ್ತದೆ. ರಿಡೆವಲಪ್‌ಮೆಂಟಿಗೆ, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಲು, ಈಗ 51 ಶೇಕಡಾ ಸದಸ್ಯರು ಒಪ್ಪಿದರೆ ಸಾಕು. ಹಾಗಾದ ದಿನ ಬಿಲ್ಡರ್ ಗೋಡೆ ಒಡೆಯುವಾಗ ಯಾವ ಮನೆಯ ಫಾಲ್ಸ್ ಸೀಲಿಂಗನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಲ್ಲಿಯವರೆಗೆ ಈ ಮನೆಯಲ್ಲಿ ಇರಬೇಕಾದವರು ಯಾರು? ಅವರಿಗೆ ಮಾಡಿ ಸ್ವಾಮಿ, ಇನ್ನೂ ಬಾರದ ಗಿರಾಕಿಗೆ ಯಾಕೆ ಮಾಡುತ್ತೀರಿ?

ಒಂದು ಒಳ್ಳೆಯ ವಿಷಯ ನಡೆಯಿತು, ಅದನ್ನೂ ಬರೆಯಲೇಬೇಕು. ನನ್ನ ತಂಗಿಯ ಮಗ ಸೈಟ್ ಸೂಪರ್‌ವೈಸರ್ ಆಗಿದ್ದಾನೆ. ನೆಂಟರೆಲ್ಲ ಹೋದ ಮೇಲೆ ಅವನು ಯಾರಿಗೂ ಭಾಷಣ ಮಾಡದೆ ಒಂದು ಪೆನ್ಸಿಲ್ ತಗೊಂಡು ಬಾತ್‌ರೂಮಿಗೆ ಹೋದ. "ಅಜ್ಜಿ, ಕಮೋಡಿನ ಮುಚ್ಚಳ ಹಾಕಿದ್ದೇನೆ. ಅದರ ಮೇಲೆ ಕೂತು ಸುಮ್ನೆ ಯಾವಾಗಲೂ ಏಳುವ ಹಾಗೆ ಏಳಿ" ಅಂದ. ದೊಡ್ಡಮ್ಮ ಎದ್ದರು. ಎಡಗೈ ನೇರ ಟವೆಲ್ ರಾಡಿಗೆ ಹೋಯಿತು. ಕೈ ಹೋದ ಜಾಗದಲ್ಲಿ ಟೈಲ್ಸ್ ಮೇಲೆ ಗುರುತು ಹಾಕಿದ. ಇನ್ನೊಂದು ಸಲ ಏಳಿಸಿದ, ಮತ್ತೆ ಅಲ್ಲಿಗೇ ಹೋಯಿತು. ಆಮೇಲೆ ದೊಡ್ಡಪ್ಪನ ಸರದಿ. ಅವರ ಕೈ ಗಾಜಿನ ಪಾರ್ಟಿಷನ್ನಿನ ಅಂಚಿಗೆ ಹೋಯಿತು. ಅದರ ಪಕ್ಕದ ಗೋಡೆಯಲ್ಲೂ ಗುರುತು ಹಾಕಿದ. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಮುಖದ ಬಣ್ಣ ಬದಲಾಯಿತು. ನಾನು ಇಷ್ಟು ಹೊತ್ತು ಕಿರುಚಿದ್ದು ತಲುಪದ ಕಡೆ ಆ ಎರಡು ಗುರುತು ತಲುಪಿತು.

ತಂಗಿಯ ಮಗ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮನೆ ಮಾಡಿಸುವವರು ಓದಿಕೊಳ್ಳಿ. ಗ್ರ್ಯಾಬ್ ಬಾರ್ ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ ಹಾಕುತ್ತಾರೆ, ಆದರೆ ಕೊನೇ ಮಾತು ಆ ಮನೆಯವರ ಕೈಯದು. ದಪ್ಪ ಒಂದೂಕಾಲು, ಒಂದೂವರೆ ಇಂಚು ಇರಲಿ, ಮುಷ್ಟಿ ಪೂರ್ತಿ ಸುತ್ತಬೇಕು. ಗೋಡೆಯಿಂದ ಒಂದೂವರೆ ಇಂಚು ದೂರ. ಅದಕ್ಕಿಂತ ಜಾಸ್ತಿ ಬಿಟ್ಟರೆ ಜಾರಿದಾಗ ತೋಳೇ ಒಳಗೆ ಸಿಕ್ಕಿಕೊಳ್ಳುತ್ತದೆ. ನೂರು ಕಿಲೋಗಿಂತ ಜಾಸ್ತಿ ಭಾರ ತಡೆಯಬೇಕು. ಹಾಗಾಗಿ ಪ್ಲಾಸ್ಟಿಕ್ ಪ್ಲಗ್ ಸಾಲದು, ಗೋಡೆ ನೋಡಿ ಗಟ್ಟಿ ಆಂಕರ್ ಹಾಕಿಸಬೇಕು. ಟೈಲ್ಸ್‌ಗೆ ಅಂಟುವ ಸಕ್ಷನ್ ಹಿಡಿಕೆಯನ್ನು ನಂಬಲೇಬೇಡಿ. ಕಮೋಡಿನ ಸೀಟು 17ರಿಂದ 19 ಇಂಚು ಎತ್ತರ ಇದ್ದರೆ ಮಂಡಿಗೆ ಸುಲಭ. ಗೀಸರ್ ಲೈನಿಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇರಲೇಬೇಕು. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದು ಹಾಕಿಸಿ.

ಈಗ ಡ್ರಿಲ್ ಮಾಡಿದರೆ ಒಳಗಿನ ಪೈಪ್ ಒಡೆಯುತ್ತದೆ ಅಂತ ಅಕ್ಕ ಹೆದರಿದಳು. ಆಗ ಭಾವ ಮೊಬೈಲ್ ತೆಗೆದ. ಟೈಲ್ಸ್ ಹಾಕುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟಿದ್ದಾನೆ ಪುಣ್ಯಾತ್ಮ! ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಅಂತ ಸ್ಪಷ್ಟವಾಗಿ ಕಂಡಿತು. ಎರಡೂ ಗುರುತು ಪೈಪಿನಿಂದ ದೂರ ಇವೆ. ಮನೆ ಮಾಡಿಸುವ ಎಲ್ಲರೂ ಈ ಕೆಲಸ ಮಾಡಿ.

ಕೊನೆಗೆ ಇಷ್ಟು ತೀರ್ಮಾನ ಆಯಿತು. ಬಾರ್ ಹಾಕಿಸುವುದು. ಗಾಜು ತೆಗೆಸಿ, ಆ ಗ್ರಾನೈಟ್ ಕಟ್ಟೆ ಒಡೆಸಿ, ನೀರು ನಹಾನಿ ಟ್ರ್ಯಾಪಿನ (ನೆಲದಲ್ಲಿ ನೀರು ಹೋಗುವ ಜಾಲರಿ) ಕಡೆ ಹರಿಯುವ ಹಾಗೆ ನೆಲಕ್ಕೆ ಇಳಿಜಾರು ಕೊಡಿಸುವುದು. ಒಡೆದ ಕಡೆ ಮತ್ತೆ ವಾಟರ್‌ಪ್ರೂಫಿಂಗ್. ಪ್ಯಾಸೇಜ್ ಸಣ್ಣದು, ಬಾಗಿಲು ಹೊರಗೆ ತೆರೆದರೆ ಓಡಾಡಲು ಆಗುವುದಿಲ್ಲ. ಅದಕ್ಕೆ ಸ್ಲೈಡಿಂಗ್ ಬಾಗಿಲು. ಮಂಚದ ಪಕ್ಕ ಟೂ ವೇ ಸ್ವಿಚ್, ಲೈಟನ್ನು ಬಾಗಿಲಿಂದಲೂ ಮಂಚದಿಂದಲೂ ಹಾಕಬಹುದು; ಪ್ಯಾಸೇಜಿನಲ್ಲಿ ಕಾಲು ಇಟ್ಟರೆ ತಾನೇ ಹತ್ತುವ ಸಣ್ಣ ಲೈಟ್. ಹಾಲಿನ ಟೈಲ್ಸ್ ಕೀಳುವುದು ಈಗ ಆಗದ ಮಾತು. ಜಾರದ ಹಾಗೆ ಮಾಡುವ ಕೋಟಿಂಗ್ ಬರುತ್ತದಂತೆ, ಒಂದು ಮೂಲೆಯಲ್ಲಿ ಹಚ್ಚಿ ನೋಡೋಣ ಅಂದ ಹುಡುಗ.

ಅಡಿಗೆಮನೆ ಇನ್ನೂ ಬಾಕಿ ಇದೆ. ಹೊಸ ಓಟಾ, ಅಂದರೆ ಅಡಿಗೆ ಕಟ್ಟೆ, 36 ಇಂಚು ಎತ್ತರ, ದೊಡ್ಡಮ್ಮ ಕುಳ್ಳಗಿದ್ದಾರೆ. ಕೆಲಸದ ಕಲ್ಲು ಮೊಣಕೈಗಿಂತ ಮೂರು ನಾಲ್ಕು ಇಂಚು ಕೆಳಗಿದ್ದರೆ ಹೆಗಲು ನೋಯುವುದಿಲ್ಲ. ಇಲ್ಲಿ ಅದು ಅವರ ಮೊಣಕೈ ಮಟ್ಟಕ್ಕೇ ಬರುತ್ತದೆ. ಕಾಲಡಿಗೆ ಮಣೆ ಇಡೋಣ ಅಂತ ಅಕ್ಕ ಅಂದಳು. ನಾನು ಬೇಡವೇ ಬೇಡ ಅಂದೆ, ಎಡವಿ ಬೀಳಲು ಇನ್ನೊಂದು ವಸ್ತು ಬೇಡ. ಕೂತು ಕಾಯಿ ತುರಿಯಲು, ಸೊಪ್ಪು ಬಿಡಿಸಲು ಗೋಡೆಗೆ ಮಡಚುವ ಗಟ್ಟಿ ಟೇಬಲ್, ಕೈ ಇರುವ ಕುರ್ಚಿ ಮಾಡಿಸಬೇಕು. ಕೆಳಗಿನ ಕಪಾಟಿನಲ್ಲಿಟ್ಟ ಗ್ರೈಂಡರ್ ಇನ್ನು ಆ ಟೇಬಲ್ ಪಕ್ಕದಲ್ಲೇ ಕಾಯಂ ಆಗಿ ಇರಬೇಕು, ದಿನಾ ಎತ್ತಿ ಇಳಿಸುವುದು ನಿಲ್ಲಬೇಕು. ಇದನ್ನು ಮಾತ್ರ ದೊಡ್ಡಮ್ಮ ತಾವಾಗಿಯೇ ಬಾಯಿಬಿಟ್ಟು ಕೇಳಿದರು. ಟೇಬಲ್ ಕಿಟಕಿಯ ಪಕ್ಕವೇ ಬೇಕಂತೆ.

ಡೊಂಬಿವಲಿ, ಕಲ್ಯಾಣ್ ಕಡೆ ಇರುವವರು ಹೇಳಿ. ಸಣ್ಣ ಕೆಲಸ ಅಂತ ಮುಖ ತಿರುಗಿಸದೆ, ಹಿರಿಯರನ್ನು ಕೂರಿಸಿ ಅಳತೆ ತಗೊಂಡು ಮಾಡಿಕೊಡುವ ಬಡಗಿ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ನಂಬರ್ ಹಾಕಿ. ಬರುವ ಭಾನುವಾರ ಅಣ್ಣ ಪುಣೆಯಿಂದ ಮತ್ತೆ ಬರುತ್ತಾನೆ, ಅಷ್ಟರೊಳಗೆ ಮಾತಾಡಿ ಇಡಬೇಕು.